ದಾವಣಗೆರೆಯಿಂದ ಶೆಫೀಲ್ಡ್‌ಗೆ: ಓದಿನ ವೀಸಾ, ಓದಿನ ನಂತರದ ವೀಸಾ, ನಾನು ಕಂಡಂತೆ

2026ರ ಹೊಸ ವರ್ಷ ಶುರುವಾಗಿ ಕೆಲವು ದಿನ ಕಳೆದ ಮೇಲೆ ಬ್ರಿಟನ್ನಿನ ಗೃಹ ಇಲಾಖೆಯಿಂದ ಮಿಂಚಂಚೆ ಬಂತು. ನನ್ನ ಗ್ರ್ಯಾಜುಯೇಟ್ ವೀಸಾ ಮಂಜೂರಾಗಿದೆ. ಇನ್ನೆರಡು ವರ್ಷ ಇಲ್ಲಿದ್ದು ಕೆಲಸ ಮಾಡಬಹುದು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಕೂಡಲೇ ಬರೆಯಲು ಕುಳಿತಿದ್ದೇನೆ, ಏಕೆಂದರೆ ಊರಿನಿಂದ ಹುಡುಗ ಹುಡುಗಿಯರು ಸಂದೇಶ ಕಳಿಸಿ ಕೇಳುತ್ತಲೇ ಇರುತ್ತಾರೆ. ಅವರ ಪ್ರಶ್ನೆಗಳೆಲ್ಲ ಮೊದಲ ವೀಸಾದ ಬಗ್ಗೆಯೇ ಇರುತ್ತವೆ. ಬ್ಯಾಂಕಿನಲ್ಲಿ ಎಷ್ಟು ತೋರಿಸಬೇಕು, ಸಂದರ್ಶನ ಇರುತ್ತದೆಯೇ, ಎಷ್ಟು ವಾರ ಹಿಡಿಯುತ್ತದೆ? ಓದು ಮುಗಿದ ಮೇಲಿನ ವೀಸಾದ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಆದರೆ ಸಾಲ ಮಾಡಿ ಬರುವ ನಮ್ಮಂಥವರು ಇಡೀ ಲೆಕ್ಕ ಕಟ್ಟಿರುವುದೇ ಆ ಎರಡನೆಯ ವೀಸಾದ ಮೇಲೆ. ಅದರ ದುಡ್ಡು ಮತ್ತು ದಿನಾಂಕ ಎರಡನ್ನೂ ಊರು ಬಿಡುವ ಮೊದಲೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ ಎಂದು ಹೇಳುವುದೇ ಈ ಬರಹದ ಉದ್ದೇಶ.

ನಾನು ದಾವಣಗೆರೆಯವಳು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದೆ. ನಗರ ಯೋಜನೆಯಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆಯಿತ್ತು. ಶೆಫೀಲ್ಡ್‌ನ ಒಂದು ವಿಶ್ವವಿದ್ಯಾಲಯದಲ್ಲಿ 2024ರ ಸೆಪ್ಟೆಂಬರ್ ತರಗತಿಗೆ ಪ್ರವೇಶ ಸಿಕ್ಕಿತು. ದ್ವಿತೀಯ ಪಿಯುಸಿಯ ಇಂಗ್ಲಿಷ್ ಅಂಕಗಳನ್ನೇ ಅವರು ಒಪ್ಪಿಕೊಂಡರು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗಲಿಲ್ಲ. ಎಲ್ಲ ವಿಶ್ವವಿದ್ಯಾಲಯಗಳೂ ಹೀಗೆ ಒಪ್ಪುವುದಿಲ್ಲ, ಆದರೆ ಒಪ್ಪುವವರು ಸಾಕಷ್ಟಿದ್ದಾರೆ. ಪರೀಕ್ಷೆಗೆ ಹಣ ಕಟ್ಟುವ ಮೊದಲು ಒಂದು ಮಿಂಚಂಚೆ ಬರೆದು ಕೇಳಿ.

ಆ ವರ್ಷ ಪ್ರವೇಶ ಪಡೆದವರಿಗೆ ಮೊದಲ ಆತಂಕ ಬೇರೆಯೇ ಇತ್ತು. ಓದಿದ ಮೇಲೆ ಕೆಲಸ ಮಾಡಲು ಬಿಡುವ ಗ್ರ್ಯಾಜುಯೇಟ್ ವೀಸಾ 2021ರ ಜುಲೈ 1ರಂದು ಶುರುವಾದದ್ದು. ಅಂಥದೇ ಹಳೆಯ ವೀಸಾವನ್ನು 2012ರಲ್ಲಿ ನಿಲ್ಲಿಸಿಬಿಟ್ಟಿದ್ದರು. ಹೊಸದನ್ನೂ ನಿಲ್ಲಿಸುತ್ತಾರೆ ಎಂಬ ಸುದ್ದಿ 2024ರ ವಸಂತದಲ್ಲಿ ದಟ್ಟವಾಗಿ ಹರಡಿತ್ತು. ಬ್ರಿಟನ್ ಸರ್ಕಾರದ ವಲಸೆ ಸಲಹಾ ಸಮಿತಿಯು ಮೇ ತಿಂಗಳಲ್ಲಿ ವರದಿ ಕೊಟ್ಟು, ಇದು ಇರಲಿ ಎಂದಿತು. ಜುಲೈನಲ್ಲಿ ಅಲ್ಲಿ ಚುನಾವಣೆ ನಡೆದು ಸರ್ಕಾರವೇ ಬದಲಾಯಿತು. ಆ ಎರಡು ತಿಂಗಳು ಅಪ್ಪ ದಿನವೂ ಪತ್ರಿಕೆಯಲ್ಲಿ ಬ್ರಿಟನ್ನಿನ ಸುದ್ದಿ ಹುಡುಕುತ್ತಿದ್ದರು. ಮನೆಯ ಮೇಲೆ ಸಾಲ ಎತ್ತುವವರಿಗೆ ಬೇರೆ ದೇಶದ ಚುನಾವಣೆಯೂ ಮನೆಯ ವಿಷಯವಾಗುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು.

ಸಾಲದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವೀಸಾಕ್ಕಿಂತ ಹೆಚ್ಚು ಸಮಯ ತಿಂದದ್ದು ಅದೇ. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಶೈಕ್ಷಣಿಕ ಸಾಲ ಕೇಳಿದೆವು. ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಬೇಕು. ನಮ್ಮ ಮನೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇತ್ತು. ಅಪ್ಪ, ಚಿಕ್ಕಪ್ಪ, ಅತ್ತೆ ಮೂವರಲ್ಲಿ ಮನೆಯ ವಿಷಯಕ್ಕೆ ಮನಸ್ತಾಪವೇನೂ ಇರಲಿಲ್ಲವಾದ್ದರಿಂದ ಯಾರೂ ಖಾತೆ ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ಬ್ಯಾಂಕಿನ ವಕೀಲರು ಕಡತ ತೆರೆದವರೇ ಪಟ್ಟಿ ಕೊಟ್ಟರು: ವಂಶವೃಕ್ಷ, ಅಜ್ಜನ ಮರಣ ಪ್ರಮಾಣಪತ್ರ, ಉಳಿದ ಹಕ್ಕುದಾರರಿಂದ ಹಕ್ಕು ಖುಲಾಸೆ ಪತ್ರ, ಅಪ್ಪನ ಹೆಸರಿಗೆ ಖಾತೆ, ಋಣಭಾರ ಪ್ರಮಾಣಪತ್ರ, ಕಂದಾಯ ಕಟ್ಟಿದ ರಸೀದಿ. ಒಂದಿಲ್ಲದೆ ಇನ್ನೊಂದಾಗುವುದಿಲ್ಲ.

ವಂಶವೃಕ್ಷಕ್ಕೆ ನಾಡಕಚೇರಿಗೆ ಅಲೆದೆವು. ಹಕ್ಕು ಖುಲಾಸೆ ಪತ್ರದ ದಿನ ಅತ್ತೆ ಹರಿಹರದಿಂದ ಮೊದಲ ಬಸ್ಸಿಗೇ ಬಂದಿದ್ದರು. ಉಪನೋಂದಣಿ ಕಚೇರಿಯಲ್ಲಿ ಸರ್ವರ್ ಕೈಕೊಟ್ಟಿತ್ತು. ಮಧ್ಯಾಹ್ನ ಕಳೆದ ಮೇಲೆ ಅತ್ತೆಯ ಸರದಿ ಬಂತು. ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಟ್ಟರೆ ಅದು ಓದುತ್ತಿರಲಿಲ್ಲ. ಜೀವನವಿಡೀ ಪಾತ್ರೆ ತಿಕ್ಕಿ, ಹೊಲದಲ್ಲಿ ಕಳೆ ಕಿತ್ತು ಗೆರೆಗಳೇ ಸವೆದುಹೋಗಿದ್ದ ಬೆರಳು ಅದು. ಸಿಬ್ಬಂದಿ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳಿದರು, ಮತ್ತೆ ಒತ್ತಿಸಿದರು, ಇನ್ನೊಂದು ಬೆರಳನ್ನೂ ಒತ್ತಿಸಿದರು. ಕೊನೆಗೆ ಆಯಿತು. ಹೊರಗೆ ಬಂದಾಗ ನಾನು, "ಅತ್ತೆ, ನಿಮ್ಮ ಪಾಲನ್ನು ಬಿಟ್ಟುಕೊಟ್ಟಿರಿ" ಎಂದೆ. "ನನ್ನ ಪಾಲು ನೀನೇ ಅಲ್ಲವೇನೇ, ಓದಿ ಬಾ" ಎಂದರು. ಶೆಫೀಲ್ಡ್‌ನಲ್ಲಿ ಕೆಲಸ ಸಿಗದೆ ದಿನ ಕಳೆಯುವಾಗೆಲ್ಲ ಈ ಮಾತು ನೆನಪಾಗಿ ನಿದ್ದೆ ಬರುತ್ತಿರಲಿಲ್ಲ.

ನಿಮ್ಮ ಮನೆಯ ಖಾತೆಯೂ ಅಜ್ಜ ಅಜ್ಜಿಯ ಹೆಸರಿನಲ್ಲಿದ್ದರೆ, ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ದಿನವೇ ಈ ಕೆಲಸವನ್ನೂ ಶುರು ಮಾಡಿ. ಪ್ರವೇಶ ಪತ್ರ ಬಂದ ಮೇಲೆ ಹೊರಟರೆ ಸೆಪ್ಟೆಂಬರ್ ತಪ್ಪಿಹೋಗುತ್ತದೆ.

ಸಾಲ ಮಂಜೂರಾದ ಪತ್ರ ಕೈಗೆ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ವೀಸಾ ಅಧಿಕಾರಿ ಆ ಪತ್ರದಲ್ಲಿ ಹುಡುಕುವ ಸಾಲುಗಳು ಬೇರೆ. ಸಾಲ ವಿದ್ಯಾರ್ಥಿಯ ಹೆಸರಿನಲ್ಲಿರಬೇಕು, ಅದು ಶೈಕ್ಷಣಿಕ ಸಾಲವೆಂದು ಬರೆದಿರಬೇಕು, ಪತ್ರ ಅರ್ಜಿಯ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ವೀಸಾ ಸಿಕ್ಕರೆ ಎಂಬುದನ್ನು ಬಿಟ್ಟು ಬೇರೆ ಷರತ್ತುಗಳು ಇರಬಾರದು. ನಮ್ಮ ಶಾಖೆಯ ಮಾಮೂಲಿ ಮಂಜೂರಾತಿ ಪತ್ರದಲ್ಲಿ ಷರತ್ತುಗಳೇ ಎರಡು ಪುಟ ಇದ್ದವು. ವ್ಯವಸ್ಥಾಪಕರ ಎದುರು ಬ್ರಿಟನ್ ಸರ್ಕಾರದ ನಿಯಮದ ಪ್ರತಿಯನ್ನೇ ಇಟ್ಟು, "ಸರ್, ಇಷ್ಟು ಸಾಲು ಬೇರೆ ಪತ್ರದಲ್ಲಿ ಬರೆದುಕೊಡಿ" ಎಂದು ಕೇಳಿಕೊಂಡೆ. ಅವರು ವಲಯ ಕಚೇರಿಗೆ ಕಳಿಸಿ ಒಪ್ಪಿಗೆ ತರಿಸಿ ಬರೆದುಕೊಟ್ಟರು. ಅದಕ್ಕೂ ವಾರಗಳು ಹಿಡಿದವು.

ಸಾಲ ಬೋಧನಾ ಶುಲ್ಕಕ್ಕೆ ಹೋಯಿತು. ಜೀವನ ವೆಚ್ಚದ ಹಣವನ್ನು ಖಾತೆಯಲ್ಲಿ ತೋರಿಸಬೇಕಿತ್ತು. ನಾನು ಅರ್ಜಿ ಹಾಕಿದಾಗ ಲಂಡನ್ನಿನ ಹೊರಗೆ ಓದುವವರಿಗೆ ತಿಂಗಳಿಗೆ 1,023 ಪೌಂಡ್‌ನಂತೆ ಒಂಬತ್ತು ತಿಂಗಳಿಗೆ 9,207 ಪೌಂಡ್. 2025ರ ಜನವರಿಯಲ್ಲಿ ಅದನ್ನು 1,136ಕ್ಕೆ, ಅದೇ ನವೆಂಬರ್‌ನಲ್ಲಿ 1,171ಕ್ಕೆ ಏರಿಸಿದರು. ಲಂಡನ್ನಿನಲ್ಲಿ ಓದುವವರಿಗೆ ಈಗ 1,529. ಈ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಕೂತಿರಬೇಕು. 28ನೇ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳ ಒಳಗಿರಬೇಕು. ಒಂದೇ ಒಂದು ದಿನ ಒಂದು ರೂಪಾಯಿ ಕೆಳಗಿಳಿದರೂ ಅರ್ಜಿ ತಿರಸ್ಕೃತವಾಗಬಹುದು.

ಇಲ್ಲಿ ನಮ್ಮ ಕಡೆಯ ಒಂದು ತೊಡಕಿದೆ. ಹಣ ಅಪ್ಪನ ಖಾತೆಯಲ್ಲಿದ್ದರೆ ಜನನ ಪ್ರಮಾಣಪತ್ರ ಮತ್ತು ಅಪ್ಪನ ಒಪ್ಪಿಗೆ ಪತ್ರ ಬೇಕು. ನನ್ನ ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಬಸವರಾಜಪ್ಪ ಎಂದಿದೆ, ಬ್ಯಾಂಕಿನಲ್ಲಿ ಇನಿಶಿಯಲ್ ಸಮೇತ ಬಸವರಾಜ್, ಆಧಾರ್‌ನಲ್ಲಿ ಮೂರನೆಯ ರೂಪ. ನಮ್ಮಲ್ಲಿ ಇದು ಮನೆಮನೆಯ ಕತೆ. ನೋಟರಿ ಅಫಿಡವಿಟ್ ಮಾಡಿಸಿ ಎಂದು ಒಬ್ಬರು, ಗೆಜೆಟ್ ಪ್ರಕಟಣೆ ಎಂದು ಇನ್ನೊಬ್ಬರು. ನಾವು ಅದಾವುದರ ಸಹವಾಸಕ್ಕೂ ಹೋಗದೆ ಅಪ್ಪನ ಹಣವನ್ನು ನನ್ನ ಖಾತೆಗೆ ಹಾಕಿಸಿ 28 ದಿನ ಕಾದೆವು. ಸ್ವಂತ ಖಾತೆಗೆ ಸಂಬಂಧದ ಪುರಾವೆ ಬೇಡ. ಪೌಂಡಿನ ದರ ಏರಿಳಿಯುತ್ತದೆ, ವಿಮೆಯ ಕಂತು, ಎಸ್‌ಎಂಎಸ್ ಶುಲ್ಕ ಎಂದು ಖಾತೆಯಿಂದ ತಾನಾಗಿ ಹಣ ಕಡಿತವಾಗುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚೇ ಇಟ್ಟಿದ್ದೆವು. ಆ ಒಂದು ತಿಂಗಳು ಆ ಖಾತೆಯ ಎಟಿಎಂ ಕಾರ್ಡನ್ನು ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಕ್ಷಯರೋಗ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಮಾಡಿಸಿದೆ. ಬ್ರಿಟನ್ ಸರ್ಕಾರ ಮಾನ್ಯ ಮಾಡಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಊರಿನ ಆಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ. ನನಗೆ ಎದೆಯ ಎಕ್ಸ್‌ರೇಯಷ್ಟೇ ಸಾಕಾಯಿತು. ನನ್ನ ಹಿಂದೆ ಸಾಲಿನಲ್ಲಿದ್ದ ಹುಡುಗನಿಗೆ ಎಕ್ಸ್‌ರೇಯಲ್ಲಿ ಏನೋ ಮಸುಕು ಕಂಡು ಕಫ ಪರೀಕ್ಷೆಗೆ ಬರೆದರು. ಅದರ ಫಲಿತಾಂಶಕ್ಕೆ ಎಂಟು ವಾರದವರೆಗೂ ಹಿಡಿಯಬಹುದು. ಅವನ ಮುಖ ನೋಡಲಾಗಲಿಲ್ಲ. ಪ್ರಮಾಣಪತ್ರಕ್ಕೆ ಆರು ತಿಂಗಳ ಮಾನ್ಯತೆ ಇರುವುದರಿಂದ ಈ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ವಿಶ್ವವಿದ್ಯಾಲಯ ಕೊಡುವ ಪ್ರವೇಶ ದೃಢೀಕರಣಕ್ಕೆ ಎಲ್ಲರೂ ಕ್ಯಾಸ್ ಎನ್ನುತ್ತಾರೆ. ಅದು ಸಿಗುವ ಮೊದಲು ವಿಶ್ವವಿದ್ಯಾಲಯದವರೇ ವಿಡಿಯೊ ಸಂದರ್ಶನ ಮಾಡಿದರು. ಈ ಕೋರ್ಸ್ ಏಕೆ, ಈ ಊರೇ ಏಕೆ, ಯಾವ ವಿಷಯಗಳಿವೆ, ಹಣ ಯಾರದು ಎಂಬ ಪ್ರಶ್ನೆಗಳು. ಕೋರ್ಸಿನ ಪುಟವನ್ನು ನಿಜವಾಗಿ ಓದಿದವರಿಗೆ ಇದು ಕಷ್ಟವಲ್ಲ.

ಕ್ಯಾಸ್ ಬಂದ ಕೂಡಲೇ ಅದರಲ್ಲಿನ ಒಂದು ಸಾಲನ್ನು ಗಮನವಿಟ್ಟು ನೋಡಿ: ಕೋರ್ಸ್ ಶುರುವಾಗುವ ಮತ್ತು ಮುಗಿಯುವ ದಿನಾಂಕ. ಕೋರ್ಸ್ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮುಗಿದ ಮೇಲೆ ನಾಲ್ಕು ತಿಂಗಳು ವೀಸಾ ಇರುತ್ತದೆ. ಹನ್ನೆರಡಕ್ಕೆ ಕೆಲವೇ ದಿನ ಕಡಿಮೆಯಿದ್ದರೂ ಎರಡೇ ತಿಂಗಳು. ಗ್ರ್ಯಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬೇಕಾದ್ದು ಈ ಉಳಿಕೆಯ ಅವಧಿಯಲ್ಲಿ. ಅಷ್ಟರೊಳಗೆ ಫಲಿತಾಂಶ ಬಂದು, ಅದನ್ನು ವಿಶ್ವವಿದ್ಯಾಲಯವು ಗೃಹ ಇಲಾಖೆಗೆ ತಿಳಿಸಿರಬೇಕು. ನನ್ನ ಮನೆಯಲ್ಲಿ ಜೊತೆಗಿದ್ದ ಹೈದರಾಬಾದಿನ ಗೆಳತಿಯದು ಬೇರೆ ಕೋರ್ಸ್, ಅವಳಿಗೆ ಸಿಕ್ಕಿದ್ದು ಎರಡೇ ತಿಂಗಳು. ನವೆಂಬರ್‌ನಲ್ಲಿ ಅವಳು ಅನುಭವಿಸಿದ ಸಂಕಟವನ್ನು ಕಣ್ಣಾರೆ ಕಂಡಿದ್ದೇನೆ. ಫಲಿತಾಂಶ ಬಂದದ್ದು ವೀಸಾ ಮುಗಿಯುವ ವಾರ. ಎರಡು ವಿಶ್ವವಿದ್ಯಾಲಯಗಳ ನಡುವೆ ಆಯ್ಕೆ ಮಾಡುತ್ತಿದ್ದರೆ, ಶುಲ್ಕ ಮತ್ತು ಶ್ರೇಯಾಂಕದ ಜೊತೆಗೆ ಈ ದಿನಾಂಕಗಳನ್ನೂ, ಪರೀಕ್ಷಾ ಮಂಡಳಿ ಯಾವ ತಿಂಗಳು ಸೇರುತ್ತದೆ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಕನ್ಸಲ್ಟೆನ್ಸಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

2024ರ ಜುಲೈನಲ್ಲಿ ಅರ್ಜಿ ಹಾಕಿದಾಗ ವೀಸಾ ಶುಲ್ಕ 490 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ ಅದು 524 ಆಯಿತು. ಅದಕ್ಕಿಂತ ಹೊಡೆತ ಕೊಟ್ಟದ್ದು ಆರೋಗ್ಯ ಸೇವೆಯ ಶುಲ್ಕ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ವೀಸಾ ಅವಧಿ ಒಂದು ವರ್ಷ ದಾಟಿದ್ದರಿಂದ ಒಂದೂವರೆ ವರ್ಷಕ್ಕೆ 1,164 ಪೌಂಡ್. ಆಗಿನ ದರದಲ್ಲಿ ಒಂದೂಕಾಲು ಲಕ್ಷ ರೂಪಾಯಿ, ಅದೂ ಒಂದೇ ಬಾರಿಗೆ. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು, ಫೋಟೊ ಕೊಟ್ಟು ಪಾಸ್‌ಪೋರ್ಟ್ ಒಪ್ಪಿಸಿದೆ. ಮಾಮೂಲಿ ಅವಧಿ ಮೂರು ವಾರ, ನನಗೂ ಹೆಚ್ಚುಕಡಿಮೆ ಅಷ್ಟೇ ಆಯಿತು. 500 ಪೌಂಡ್ ಹೆಚ್ಚಿಗೆ ಕೊಟ್ಟರೆ ಬೇಗ ನೋಡುತ್ತಾರೆ. ಸಾಕಷ್ಟು ಮುಂಚೆಯೇ ಅರ್ಜಿ ಹಾಕಿದವರಿಗೆ ಆ ಖರ್ಚು ಬೇಕಿಲ್ಲ.

ಹಣ ಕಳಿಸುವವರಿಗೆ ಇನ್ನೊಂದು ಮಾತು. ವಿದೇಶಕ್ಕೆ ಓದಿನ ಹಣ ಕಳಿಸುವಾಗ, ಮೊತ್ತ ಒಂದು ಮಿತಿ ದಾಟಿದರೆ ಬ್ಯಾಂಕ್ ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿದುಕೊಳ್ಳುತ್ತದೆ. 2025ರ ಏಪ್ರಿಲ್‌ನಿಂದ ಶೈಕ್ಷಣಿಕ ಸಾಲದ ಹಣಕ್ಕೆ ಇದನ್ನು ತೆಗೆದರು. ಸ್ವಂತ ಹಣದಿಂದ ಹಿಡಿದದ್ದನ್ನು, ಯಾರ ಪ್ಯಾನ್‌ನಲ್ಲಿ ಕಳಿಸಿದ್ದೀರೋ ಅವರ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅಪ್ಪ ನಿವೃತ್ತ ಶಿಕ್ಷಕರು, ವಿವರ ಸಲ್ಲಿಸಿ ವಾಪಸು ಪಡೆದರು.

ಶೆಫೀಲ್ಡ್‌ಗೆ ಬಂದಿಳಿದ ಮೇಲೆ ಅಂಚೆ ಕಚೇರಿಯಿಂದ ಬಿಆರ್‌ಪಿ ಎಂಬ ಗುರುತಿನ ಕಾರ್ಡ್ ಪಡೆದೆ. ಗುಲಾಬಿ ಬಣ್ಣದ ಕಾರ್ಡಿನ ಮೇಲೆ ನನ್ನ ಫೋಟೊ, ಅದರ ಪಕ್ಕ ಮುಗಿಯುವ ದಿನಾಂಕ: 31 ಡಿಸೆಂಬರ್ 2024. ನನ್ನ ವೀಸಾ ಇದ್ದದ್ದು 2026ರ ಜನವರಿಯವರೆಗೆ. ಕೈಕಾಲು ತಣ್ಣಗಾದವು. ಕಾರ್ಡಿನ ಫೋಟೊ ಮನೆಗೆ ಕಳಿಸಿದ ಮೇಲೆ ಅಮ್ಮ ಆ ರಾತ್ರಿ ಊಟ ಮಾಡಲಿಲ್ಲವಂತೆ. ವಿಷಯ ಇಷ್ಟೇ: ಬ್ರಿಟನ್ ಕಾರ್ಡುಗಳನ್ನೇ ನಿಲ್ಲಿಸಿ, ಆನ್‌ಲೈನಿನಲ್ಲೇ ಇರುವ ಇ-ವೀಸಾಕ್ಕೆ ಬದಲಾಗುತ್ತಿತ್ತು, ಹಾಗಾಗಿ ಎಲ್ಲ ಕಾರ್ಡುಗಳ ಮೇಲೂ 2024ರ ಕೊನೆಯ ದಿನವನ್ನೇ ಮುದ್ರಿಸಿದ್ದರು. ನಿಜವಾದ ಅವಧಿ ನಿರ್ಧಾರ ಪತ್ರದಲ್ಲಿತ್ತು. ಫೋನಿನಲ್ಲಿ ಅವರ ಆ್ಯಪ್ ಹಾಕಿಕೊಂಡು, ಕಾರ್ಡನ್ನು ಫೋನಿನ ಬೆನ್ನಿಗೆ ಒತ್ತಿ ಹಿಡಿದು, ಮುಖವನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಖಾತೆ ತೆರೆದೆ. ಅಲ್ಲಿ ಸರಿಯಾದ ದಿನಾಂಕ ಕಂಡಾಗಲೇ ಉಸಿರು ಬಂದದ್ದು. ಈಗ ಬರುವವರಿಗೆ ಕಾರ್ಡ್ ಇರುವುದಿಲ್ಲ, ಎಲ್ಲವೂ ಆ ಖಾತೆಯಲ್ಲೇ. ಮನೆ ಬಾಡಿಗೆಗೆ ಹಿಡಿಯಲು, ಕೆಲಸಕ್ಕೆ ಸೇರಲು ನಮ್ಮ ವೀಸಾ ವಿವರವನ್ನು ಅವರು ನೋಡಲು ಬೇಕಾದ ಶೇರ್ ಕೋಡ್ ಎಂಬ ಸಂಕೇತವನ್ನು ಅದರಿಂದ ತೆಗೆದು ಕೊಡಬೇಕು.

ಓದಿನ ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವಿಷಯ ಮಾತ್ರ. ವಾರಕ್ಕೆ 20 ಗಂಟೆಯ ಕೆಲಸದ ಮಿತಿ ಬೇಸಿಗೆಯಲ್ಲೂ ಇರುತ್ತದೆ. ಪದವಿ ಓದುವವರಿಗೆ ಬೇಸಿಗೆ ರಜೆ. ಸ್ನಾತಕೋತ್ತರದವರು ಆಗ ಪ್ರಬಂಧ ಬರೆಯುತ್ತಿರುತ್ತಾರೆ, ಅದು ರಜೆಯಲ್ಲ. ವಾರವೆಂದರೆ ಸೋಮವಾರದಿಂದ ಭಾನುವಾರ. ಇನ್ನೊಂದು, ಊರಿನ ಕಂಪನಿಗೆ ಮನೆಯಲ್ಲೇ ಕೂತು ಸ್ವತಂತ್ರವಾಗಿ ಕೆಲಸ ಮಾಡಿಕೊಡುತ್ತೇನೆ ಎಂದುಕೊಂಡು ಬರಬೇಡಿ, ಸ್ವಂತ ಉದ್ಯೋಗಕ್ಕೆ ವಿದ್ಯಾರ್ಥಿ ವೀಸಾದಲ್ಲಿ ಅವಕಾಶವಿಲ್ಲ.

2025ರ ಮೇ ತಿಂಗಳಲ್ಲಿ ಪ್ರಬಂಧದ ಕೆಲಸ ಶುರುವಾಗಿತ್ತು, ಅಷ್ಟರಲ್ಲಿ ಸರ್ಕಾರ ವಲಸೆಯ ಶ್ವೇತಪತ್ರ ಹೊರಡಿಸಿತು. ಗ್ರ್ಯಾಜುಯೇಟ್ ವೀಸಾವನ್ನು ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಸುವ ಪ್ರಸ್ತಾವ ಅದರಲ್ಲಿತ್ತು. ನಮ್ಮ ತರಗತಿಯ ವಿದೇಶಿ ವಿದ್ಯಾರ್ಥಿಗಳೆಲ್ಲ ಗ್ರಂಥಾಲಯದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ಯಾವತ್ತಿನಿಂದ ಎಂದು ಯಾರಿಗೂ ಗೊತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ನಿಯಮ ಬಂದಾಗ ಸ್ಪಷ್ಟವಾಯಿತು: 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು, ಪಿಎಚ್.ಡಿ. ಮಾಡಿದವರಿಗೆ ಮಾತ್ರ ಮೊದಲಿನಂತೆ ಮೂರು ವರ್ಷ. ನಮಗೆ ತಟ್ಟಲಿಲ್ಲ. ಆದರೆ 2026ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಕೋರ್ಸಿಗೆ ಬರುವವರು ಅರ್ಜಿ ಹಾಕುವ ಹೊತ್ತಿಗೆ 2027ರ ಚಳಿಗಾಲ ಬಂದಿರುತ್ತದೆ. ನಿಮಗೆ ಸಿಗುವುದು 18 ತಿಂಗಳೇ. ಸಾಲ ತೀರಿಸುವ ಲೆಕ್ಕವನ್ನು ಎರಡು ವರ್ಷ ಹಿಡಿದು ಹಾಕಬೇಡಿ. ಯಾರಾದರೂ ಎರಡು ವರ್ಷ ಎಂದು ಹೇಳಿ ನಿಮ್ಮನ್ನು ಸೇರಿಸುತ್ತಿದ್ದರೆ ಎದ್ದು ಬನ್ನಿ.

ಸೆಪ್ಟೆಂಬರ್‌ನಲ್ಲಿ ಪ್ರಬಂಧ ಒಪ್ಪಿಸಿದೆ. ಅಲ್ಲಿಂದ ಮುಂದಿನ ಕಾಯುವಿಕೆಗೆ ನಾನು ಸಿದ್ಧಳಿದ್ದೆ ಎಂದುಕೊಂಡಿದ್ದೆ, ಆದರೂ ಅದು ಕಠಿಣವಾಗಿತ್ತು. ಓದು ಮುಗಿದಿದೆ, ಪದವಿ ಕೈಯಲ್ಲಿಲ್ಲ. ನಗರಸಭೆಗಳ ಯೋಜನಾ ವಿಭಾಗಗಳಿಗೆ ಅರ್ಜಿ ಹಾಕಿದರೆ ಮೊದಲ ಪ್ರಶ್ನೆಯೇ ನಿಮ್ಮ ವೀಸಾ ಎಲ್ಲಿಯವರೆಗೆ ಎಂಬುದು. ಜನವರಿ ಎಂದು ಬರೆದ ಕೂಡಲೇ ಉತ್ತರ ಬರುವುದು ನಿಲ್ಲುತ್ತಿತ್ತು. ವಿದ್ಯಾರ್ಥಿ ಎಂಬ ಸ್ಥಾನ ಕೋರ್ಸಿನೊಂದಿಗೇ ಮುಗಿಯುವುದರಿಂದ, ಅಲ್ಲಿಯವರೆಗೆ ವಿನಾಯಿತಿಯಿದ್ದ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆ ಕೂಡ ಮನೆಗೆ ಬಂತು. ಮೂವರು ಹಂಚಿಕೊಂಡು ಕಟ್ಟಿದೆವು. ಇದನ್ನೂ ನಿಮ್ಮ ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ಈ ನಡುವೆ ಅಕ್ಕನ ಮದುವೆ ಡಿಸೆಂಬರ್‌ಗೆ ನಿಶ್ಚಯವಾಯಿತು. ಗ್ರ್ಯಾಜುಯೇಟ್ ವೀಸಾದ ನಿಯಮ ಹೀಗಿದೆ: ಬ್ರಿಟನ್ನಿನ ಒಳಗಿದ್ದೇ ಅರ್ಜಿ ಹಾಕಬೇಕು, ಹಾಕಿದ ಮೇಲೆ ನಿರ್ಧಾರ ಬರುವವರೆಗೆ ದೇಶ ಬಿಟ್ಟು ಹೋದರೆ ಅರ್ಜಿ ಹಿಂತೆಗೆದುಕೊಂಡಂತೆ. ನಿರ್ಧಾರಕ್ಕೆ ಎಂಟು ವಾರದವರೆಗೆ ಕಾಯಬೇಕಾಗಬಹುದು. ನವೆಂಬರ್ ಮಧ್ಯದಲ್ಲಿ ಫಲಿತಾಂಶ ಬಂತು, ಉತ್ತಮ ದರ್ಜೆಯೇ ಸಿಕ್ಕಿತು. ಆದರೆ ಫಲಿತಾಂಶ ಬಂದರೆ ಸಾಲದು, ವಿಶ್ವವಿದ್ಯಾಲಯ ಅದನ್ನು ಗೃಹ ಇಲಾಖೆಗೆ ವರದಿ ಮಾಡಿದ ಮೇಲೆಯೇ ಅರ್ಜಿ ಹಾಕಬಹುದು. ಅವರು ವಿದ್ಯಾರ್ಥಿಗಳನ್ನು ತಂಡ ತಂಡವಾಗಿ ವರದಿ ಮಾಡುತ್ತಾರೆ. ದಿನವೂ ಮಿಂಚಂಚೆ ತೆರೆದು ನೋಡುತ್ತಿದ್ದೆ. ಘಟಿಕೋತ್ಸವಕ್ಕೆ ಗೌನಿನ ಅಳತೆ ಕೇಳುವ ಪತ್ರಗಳು ಬರುತ್ತಿದ್ದವು, ಇದು ಮಾತ್ರ ಬರಲಿಲ್ಲ.

ಡಿಸೆಂಬರ್ ಹತ್ತಿರವಾದಂತೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಲಹಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹಿರಿಯ ಸಲಹೆಗಾರ್ತಿ ಒಂದು ಹಾಳೆಯ ಮೇಲೆ ಗೆರೆ ಎಳೆದು, ಒಂದು ತುದಿಯಲ್ಲಿ ನನ್ನ ವೀಸಾ ಮುಗಿಯುವ ದಿನ, ನಡುವೆ ಮದುವೆಯ ದಿನ ಬರೆದರು. ಅರ್ಜಿ ಹಾಕುವ ಮೊದಲು, ವಿದ್ಯಾರ್ಥಿ ವೀಸಾ ಇರುವಾಗಲೇ ಹೋಗಿ ಬರಬಹುದು. ಆದರೆ ವೀಸಾ ಮುಗಿಯುವ ಮುನ್ನ ಖಂಡಿತ ವಾಪಸಿರಬೇಕು, ವಿಮಾನ ತಪ್ಪಿದರೂ ಇನ್ನೊಂದು ಹಿಡಿಯುವಷ್ಟು ದಿನ ಉಳಿಸಿಕೊಳ್ಳಿ ಎಂದರು. ಈ ಕೇಂದ್ರಗಳ ಸಲಹೆ ಉಚಿತ. ವೀಸಾ ವಿಷಯದಲ್ಲಿ ಸಲಹೆ ಕೊಡಲು ತರಬೇತಿ ಪಡೆದವರು ಅಲ್ಲಿರುತ್ತಾರೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೇಳಿ ಗಾಬರಿಯಾಗುವ ಮೊದಲು ಅಲ್ಲಿಗೆ ಹೋಗಿ.

ಹೋದೆ. ಮದುವೆಯ ಹಿಂದಿನ ದಿನ ಅರಿಸಿನ ಶಾಸ್ತ್ರ ನಡೆಯುತ್ತಿರುವಾಗ ಫೋನಿಗೆ ವಿಶ್ವವಿದ್ಯಾಲಯದ ಪತ್ರ ಬಂತು: ನಿಮ್ಮ ಕೋರ್ಸ್ ಯಶಸ್ವಿಯಾಗಿ ಮುಗಿದಿದೆ ಎಂದು ಗೃಹ ಇಲಾಖೆಗೆ ತಿಳಿಸಿದ್ದೇವೆ, ಇನ್ನು ಅರ್ಜಿ ಹಾಕಬಹುದು. ಕೈಗೆಲ್ಲ ಅರಿಸಿನ. ಅಲ್ಲಿಂದ ಅರ್ಜಿ ಹಾಕುವಂತಿಲ್ಲ. ಸಂತೋಷ, ತಳಮಳ ಎರಡೂ ಒಟ್ಟಿಗೇ ಬಂದವು. ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಈಗ ಅಕ್ಕನ ಹತ್ತಿರ ಹೋಗು, ಇದನ್ನು ಅಲ್ಲಿಗೆ ಹೋಗಿ ನೋಡಿಕೊಳ್ಳುವೆಯಂತೆ" ಎಂದರು. ಮದುವೆ ಮುಗಿದ ಮೇಲೆ ಒಂದು ದಿನವೂ ಹೆಚ್ಚಿಗೆ ಉಳಿಯದೆ ಹೊರಟೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಿಮಾನ ಸಂಸ್ಥೆಯವರು ಇ-ವೀಸಾ ಕೇಳಿದರು. ಶೇರ್ ಕೋಡ್ ಮತ್ತು ಖಾತೆಯ ಪುಟದ ಮುದ್ರಿತ ಪ್ರತಿ ಎರಡೂ ಕೈಯಲ್ಲಿದ್ದವು. ನೀವೂ ಹಾಗೆಯೇ ಇಟ್ಟುಕೊಳ್ಳಿ, ನಿಲ್ದಾಣದ ಇಂಟರ್‌ನೆಟ್ ನಂಬಬೇಡಿ.

ಕ್ರಿಸ್‌ಮಸ್‌ಗೆ ಮುಂಚೆ ಶೆಫೀಲ್ಡ್‌ನ ನನ್ನ ಕೋಣೆಯಲ್ಲಿ ಕೂತು ಅರ್ಜಿ ತುಂಬಿದೆ. ಮೊದಲ ವೀಸಾಕ್ಕೆ ಹೋಲಿಸಿದರೆ ಇದು ಬಹಳ ಹಗುರ. ಬ್ಯಾಂಕ್ ಹಣ ತೋರಿಸಬೇಕಿಲ್ಲ, ಇಂಗ್ಲಿಷ್ ಪರೀಕ್ಷೆ ಬೇಡ, ಕೆಲಸ ಸಿಕ್ಕಿರಬೇಕೆಂದೂ ಇಲ್ಲ. ಪದವಿ ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗಲಿಲ್ಲ, ವಿಶ್ವವಿದ್ಯಾಲಯದ ವರದಿಯೇ ಸಾಕು. ಹಳೆಯ ಕ್ಯಾಸ್ ಸಂಖ್ಯೆ ಕೇಳುತ್ತಾರೆ, ಅದನ್ನು ಜೋಪಾನವಾಗಿಡಿ. ಸರ್ಕಾರ ಅಥವಾ ಸಂಸ್ಥೆಯೊಂದು ಕಳೆದ 12 ತಿಂಗಳಲ್ಲಿ ನಿಮ್ಮ ಶುಲ್ಕ ಮತ್ತು ಜೀವನ ವೆಚ್ಚ ಎರಡನ್ನೂ ವಿದ್ಯಾರ್ಥಿವೇತನವಾಗಿ ಕೊಟ್ಟಿದ್ದರೆ ಅವರ ಒಪ್ಪಿಗೆ ಪತ್ರ ಬೇಕು. ಬೆಂಗಳೂರಿನ ಅಥವಾ ದೆಹಲಿಯ ಕಚೇರಿಯಿಂದ ಅದನ್ನು ತರಿಸಲು ತಿಂಗಳುಗಳೇ ಬೇಕಾಗಬಹುದು, ಪ್ರಬಂಧ ಬರೆಯುವಾಗಲೇ ಕೇಳಿ.

ಆದರೆ ದುಡ್ಡು ಹಗುರವಲ್ಲ. ನಾನು ಕಟ್ಟಿದಾಗ ಅರ್ಜಿ ಶುಲ್ಕ 880 ಪೌಂಡ್ ಇತ್ತು. ಈ ವೀಸಾದ ಆರೋಗ್ಯ ಶುಲ್ಕಕ್ಕೆ ವಿದ್ಯಾರ್ಥಿ ದರವಿಲ್ಲ, ವರ್ಷಕ್ಕೆ 1,035ರಂತೆ ಎರಡು ವರ್ಷಕ್ಕೆ 2,070. ಒಟ್ಟು 2,950 ಪೌಂಡ್, ಎಲ್ಲವನ್ನೂ ಅರ್ಜಿಯ ದಿನವೇ ಕಟ್ಟಬೇಕು. ಮೊದಲ ವೀಸಾಕ್ಕೆ ಅರ್ಜಿ ಹಾಕಿದಾಗ ಪೌಂಡಿಗೆ 107 ರೂಪಾಯಿ ಆಸುಪಾಸು ಇದ್ದದ್ದು ಈ ಅರ್ಜಿಯ ಹೊತ್ತಿಗೆ 120ರ ಆಸುಪಾಸಿಗೆ ಬಂದಿತ್ತು, ಅಂದರೆ ಮೂರೂವರೆ ಲಕ್ಷ ರೂಪಾಯಿ. ಇದು ಬರುವುದು ಕೈ ಪೂರ್ತಿ ಖಾಲಿಯಾಗಿರುವ ಹೊತ್ತಿನಲ್ಲಿ. ಶೈಕ್ಷಣಿಕ ಸಾಲದಲ್ಲಿ ಇದಕ್ಕೆ ಜಾಗವಿರಲಿಲ್ಲ. ಅರೆಕಾಲಿಕ ಕೆಲಸದ ಸಂಬಳದಲ್ಲಿ ತಿಂಗಳು ತಿಂಗಳು ಬೇರೆ ಖಾತೆಗೆ ತೆಗೆದಿಟ್ಟಿದ್ದೆ, ಬೇಸಿಗೆಯಲ್ಲೂ ಅದನ್ನು ಮುಟ್ಟಲಿಲ್ಲ. ಆದ್ದರಿಂದ ಅಪ್ಪನ ಮುಂದೆ ಮತ್ತೆ ಕೈಚಾಚುವ ಸಂದರ್ಭ ಬರಲಿಲ್ಲ. ನನ್ನ ಪರಿಚಯದಲ್ಲೇ ಇಬ್ಬರು ಈ ಹಣಕ್ಕಾಗಿ ಊರಿನಲ್ಲಿ ಚಿನ್ನ ಅಡವಿಡಿಸಿದರು.

ಮಂಜೂರಾದ ಮೇಲೂ ಓಟ ನಿಂತಿಲ್ಲ. ಗ್ರ್ಯಾಜುಯೇಟ್ ವೀಸಾವನ್ನು ಮುಂದುವರಿಸಲು ಬರುವುದಿಲ್ಲ. ಮುಂದೆ ಉಳಿಯಬೇಕಾದರೆ ಕೆಲಸ ಕೊಡುವವರೇ ಪ್ರಾಯೋಜಿಸುವ ನುರಿತ ಉದ್ಯೋಗಿ ವೀಸಾಕ್ಕೆ ಬದಲಾಗಬೇಕು. ಅದರ ಕನಿಷ್ಠ ಸಂಬಳದ ಸಾಮಾನ್ಯ ಮಿತಿ 2025ರ ಜುಲೈ 22ರಿಂದ ವರ್ಷಕ್ಕೆ 41,700 ಪೌಂಡ್. ಓದು ಮುಗಿಸಿ ಹೊಸದಾಗಿ ಸೇರುವವರಿಗೆ ರಿಯಾಯಿತಿ ದರ 33,400, ಆದರೆ ಹುದ್ದೆಗೆ ನಿಗದಿಯಾದ ದರ ಹೆಚ್ಚಿದ್ದರೆ ಅದನ್ನೂ ನೋಡುತ್ತಾರೆ. ಅದೇ ದಿನದಿಂದ ಪದವಿ ಮಟ್ಟದ ಹುದ್ದೆಗಳೇ ಆಗಬೇಕು ಎಂಬ ನಿಯಮವೂ ಬಂದಿದೆ. ಹಾಗಾಗಿ ಸಿಕ್ಕ ಕೆಲಸ ಮಾಡಿಕೊಂಡು ಎರಡು ವರ್ಷ ಕಳೆಯೋಣ ಎನ್ನುವವರಿಗೆ ಬಾಡಿಗೆ ಸಾಗುತ್ತದೆ, ಮುಂದಿನ ದಾರಿ ಮುಚ್ಚುತ್ತದೆ. ಪ್ರಾಯೋಜಿಸುವ ಪರವಾನಗಿ ಇರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ತನ್ನ ತಾಣದಲ್ಲಿ ಹಾಕಿರುತ್ತದೆ. ನಾನು ಆ ಪಟ್ಟಿಯನ್ನು ಇಟ್ಟುಕೊಂಡೇ ಅರ್ಜಿ ಹಾಕುತ್ತಿದ್ದೇನೆ. ಮಂಜೂರಾತಿ ಬಂದ ಮೇಲೆ ಎರಡು ನಗರಸಭೆಗಳಿಂದ ಸಂದರ್ಶನದ ಕರೆ ಬಂದಿದೆ. ಅವಧಿ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಈಗ 2028 ಎಂದು ಬರೆಯಬಹುದು.

ಹೊಸ ವೀಸಾ ಬಂದ ದಿನವೇ ಮಾಡಬೇಕಾದ ಒಂದು ಕೆಲಸ ಉಳಿದಿದೆ. ಆನ್‌ಲೈನ್ ಖಾತೆ ತೆರೆದು ಹೆಸರು, ಹುಟ್ಟಿದ ದಿನ, ಅವಧಿ, ಷರತ್ತು ಎಲ್ಲವನ್ನೂ ನಿರ್ಧಾರ ಪತ್ರದೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ಆಗಲೇ ವರದಿ ಮಾಡಿ. ಪಾಸ್‌ಪೋರ್ಟ್ ಅವಧಿ ಮುಗಿದು ಹೊಸದು ಪಡೆದಾಗ ಅದರ ಸಂಖ್ಯೆಯನ್ನು ಆ ಖಾತೆಗೆ ಸೇರಿಸಿ, ಇಲ್ಲದಿದ್ದರೆ ಊರಿನಿಂದ ಮರಳುವಾಗ ವಿಮಾನ ಸಂಸ್ಥೆಯವರಿಗೆ ನಿಮ್ಮ ವೀಸಾ ಕಾಣದೆ ತೊಂದರೆಯಾಗಬಹುದು. ಮೇಲೆ ಕೊಟ್ಟಿರುವ ಮೊತ್ತಗಳು ನಾನು ಕಟ್ಟಿದಾಗಿನವು ಮತ್ತು ಈ ಬರಹದ ಹೊತ್ತಿನವು. ಇವು ಪ್ರತಿ ವರ್ಷವೂ ಬದಲಾಗುತ್ತಿವೆ, ಅರ್ಜಿ ಹಾಕುವ ದಿನ ಸರ್ಕಾರದ ಅಧಿಕೃತ ಪುಟದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಸಾಲದ ಪತ್ರದಲ್ಲಿ ಯಾವ ಸಾಲುಗಳಿರಬೇಕು ಎಂಬ ನಮೂನೆ ನನ್ನ ಬಳಿ ಇದೆ, ಬೇಕಾದವರು ಕೇಳಿ, ಕಳಿಸುತ್ತೇನೆ.